ಗಾಲೆಯ ತ್ರಿಭಾಷಾ ಶಾಸನ

ಶ್ರೀಲಂಕೆಗೆ ಹೋದ ಪ್ರವಾಸಿಗೆ ಇಂದು ಸಂವಹನದ ತೊಡಕು ಹೆಚ್ಚಿಲ್ಲ. ಕಟುನಾಯಕೆಯ ವಿಮಾನ ನಿಲ್ದಾಣದಲ್ಲಿಯೇ ಸಿಮ್ ಕಾರ್ಡ್ ದೊರೆಯುತ್ತದೆ; ಫಲಕಗಳು ಸಿಂಹಳ, ತಮಿಳು, ಇಂಗ್ಲಿಷ್ ಎಂಬ ಮೂರು ಭಾಷೆಗಳಲ್ಲಿ ದಾರಿ ತೋರುತ್ತವೆ. ಮೂರು ಭಾಷೆಗಳ ಇನ್ನೊಂದು ಬರಹ ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದು ಕಲ್ಲಿನದು, ಬರೆಸಿದವರು ಬಂದವರೇ ಹೊರತು ಬರಮಾಡಿಕೊಂಡವರಲ್ಲ.

1911ರಲ್ಲಿ ಗಾಲೆ ಪಟ್ಟಣದ ಮೋರಿಯೊಂದರ ಮುಚ್ಚುಗಲ್ಲಾಗಿ ಬಿದ್ದಿದ್ದ ಈ ಶಾಸನವನ್ನು ಇಂಜಿನಿಯರರೊಬ್ಬರು ಗುರುತಿಸಿದರು. ಅದರ ಕಾಲ 1409. ಮಿಂಗ್ ಚಕ್ರವರ್ತಿ ಯೋಂಗ್‌ಲೆಯ ನೌಕಾಪತಿ ಝೆಂಗ್ ಹೆ ಅದನ್ನು ದ್ವೀಪಕ್ಕೆ ತಂದನು. ಚೀನೀ, ತಮಿಳು, ಪಾರಸಿ ಭಾಷೆಗಳ ಮೂರು ಪಾಠಗಳೂ ಕಾಣಿಕೆಯ ವಿವರಗಳನ್ನೇ ಹೇಳುತ್ತವೆ: ಚಿನ್ನ, ಬೆಳ್ಳಿ, ರೇಷ್ಮೆ, ಸುಗಂಧತೈಲ. ಕಾಣಿಕೆ ಸರಿಸುಮಾರು ಒಂದೇ, ಸ್ವೀಕರಿಸುವ ದೈವ ಮಾತ್ರ ಬೇರೆ. ಚೀನೀ ಪಾಠದಲ್ಲಿ ಬುದ್ಧ, ತಮಿಳಿನಲ್ಲಿ ದ್ವೀಪದ ದಕ್ಷಿಣ ತುದಿಯ ತೇನಾವರೈಯ ವಿಷ್ಣುರೂಪಿ ದೇವರು, ಪಾರಸಿಯಲ್ಲಿ ಅಲ್ಲಾಹು. ಇದನ್ನು ಧರ್ಮಸಮನ್ವಯವೆಂದು ಕೊಂಡಾಡುವವರಿದ್ದಾರೆ. ಓದುಗನನ್ನು ಅರಿತು ಆಡಿದ ಮಾತು ಎನ್ನುವುದು ಹೆಚ್ಚು ಸಮಂಜಸ. ಮಾನ್ಸೂನ್ ಗಾಳಿಯನ್ನು ನೆಚ್ಚಿ ಹಾಯಿ ಬಿಚ್ಚುತ್ತಿದ್ದ ವರ್ತಕರು ತಂಗುವ ರೇವಿನಲ್ಲಿ ಯಾರು ಯಾವ ಭಾಷೆ ಬಲ್ಲರು, ಯಾವ ದೇವರಿಗೆ ತಲೆಬಾಗುವರು ಎಂಬುದು ಕಲ್ಲು ಕಡೆಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಸಿಂಹಳ ಅದರಲ್ಲಿಲ್ಲ. ನೆಲದ ಬಹುಜನರ ಭಾಷೆಯನ್ನು, ಅದರ ಅರಸರ ಭಾಷೆಯನ್ನು ಬಿಟ್ಟು ಕಡಲ ಭಾಷೆಗಳಲ್ಲಿ ಆಡಿದ ಸೌಜನ್ಯವದು. ಒಂದೆರಡು ವರ್ಷಗಳಲ್ಲೇ ಅದೇ ಝೆಂಗ್ ಹೆ ದ್ವೀಪದ ದೊರೆ ಅಳಕೇಶ್ವರನೊಡನೆ ಕಾದಾಡಿ, ಅವನನ್ನು ಸೆರೆಹಿಡಿದು ಚೀನಾಕ್ಕೆ ಒಯ್ದನು. ಕಾಣಿಕೆಯ ಪಟ್ಟಿಯನ್ನು ಈ ಸಂಗತಿಯ ಜೊತೆಗಿಟ್ಟು ಓದಬೇಕು.

ಸಿಂಹಳದಲ್ಲಿ ಬರೆದ ಪ್ರವಾಸಿಗರೂ ಇದ್ದರು. ಸಿಗಿರಿಯದ ಕನ್ನಡಿಗೋಡೆಯ ಮೇಲೆ ಅವರು, ಬಂಡೆಯ ಚಿತ್ರಗಳಲ್ಲಿನ ಹೆಣ್ಣುಗಳನ್ನು ಕಂಡು ಗೀಚಿದ ಪದ್ಯಗಳಿವೆ; ಬಹುಪಾಲು 8ರಿಂದ 10ನೆಯ ಶತಮಾನದವು. ಅವುಗಳಲ್ಲಿ 685 ಪದ್ಯಗಳನ್ನು ಸೆನರತ್ ಪರಣವಿತಾನ ಸಂಪಾದಿಸಿ 1956ರಲ್ಲಿ ಪ್ರಕಟಿಸಿದರು. ಗಾಲೆಯ ಕಲ್ಲು ಚಕ್ರವರ್ತಿಯ ಪರವಾಗಿ ಮಾತನಾಡಿದರೆ, ಈ ಗೋಡೆಯಲ್ಲಿ ಮೆಚ್ಚುಗೆ, ಮುನಿಸು, ಚೇಷ್ಟೆಗಳೆಲ್ಲ ಬರೆದವರ ಸ್ವಂತದವು. ಸಾಹಿತ್ಯದ ವಿದ್ಯಾರ್ಥಿಗೆ ಗೋಡೆಯೇ ಹೆಚ್ಚು ಪ್ರಿಯವಾದೀತು.

ಆ ಗ್ರಂಥ ಹೊರಬಂದ ವರ್ಷವೇ ಸಿಂಹಳವೊಂದನ್ನೇ ಅಧಿಕೃತ ಭಾಷೆಯಾಗಿಸಿದ ಕಾನೂನೂ ಬಂದಿತು. ಶತಮಾನಗಳಿಂದ ಅಲ್ಲಿಯೇ ಬಾಳಿದ ತಮಿಳರು ತಮ್ಮದೇ ನಾಡಿನ ಕಚೇರಿಯ ಕಾಗದಕ್ಕೆ ಪರಕೀಯರಾದರು. ತಮಿಳಿಗೂ ಅಧಿಕೃತ ಸ್ಥಾನ ದೊರೆತುದು 1987ರ ಸಂವಿಧಾನ ತಿದ್ದುಪಡಿಯಿಂದ, ಅಷ್ಟರಲ್ಲಿ ಯುದ್ಧ ಹೊತ್ತಿಕೊಂಡಾಗಿತ್ತು. ಪ್ರವಾಸಿಯು ನಿಲ್ದಾಣದಲ್ಲಿ ಓದುವ ಮೂರು ಸಾಲುಗಳ ನಡುವೆ ಈ ಇತಿಹಾಸವಿದೆ.

ಗಾಲೆಯ ಕಲ್ಲಿನಲ್ಲಿ ಪಾರಸಿ ಭಾಗವೇ ಎಲ್ಲಕ್ಕಿಂತ ಹೆಚ್ಚು ಸವೆದಿದೆ. ಅದನ್ನು ಪೂರ್ಣವಾಗಿ ಓದಲು ಬಾರದು.