ಹೆಸರಿಲ್ಲದ ಹತ್ಯಾರ

ಹೆಸರು ಗೊತ್ತಿಲ್ಲದ ವಸ್ತುವನ್ನು ನಾವು ತೂಕಕ್ಕೆ ಹಾಕಿಬಿಡುತ್ತೇವೆ. ಗ್ಯಾರೇಜಿನ ಮೂಲೆಯಲ್ಲಿ ಬಿದ್ದ ಎಷ್ಟೋ ಹತ್ಯಾರಗಳು ಗುಜರಿಯವನ ತಕ್ಕಡಿ ಸೇರುವುದು ಹೀಗೆಯೇ. ಅವುಗಳಲ್ಲಿ ಕೆಲವು ದುಡಿಯುವವನ ಬೆರಳು ಉಳಿಸಬಲ್ಲಂಥವು ಎಂಬುದು ಯಾರಿಗೂ ಹೊಳೆಯುವುದಿಲ್ಲ.

2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆದ ಮೇಲೆ ಎಷ್ಟೋ ಲೋಡರುಗಳು, ಟಿಪ್ಪರುಗಳು ನಿಂತಲ್ಲೇ ನಿಂತವು. ಅಂಥದ್ದೊಂದು ಹಳೆಯ ಲೋಡರನ್ನು ಹೊಸಪೇಟೆಯಲ್ಲಿರುವ ನಮ್ಮ ಮಾಮು ಕೊಂಡರು. ಅವರ ಗ್ಯಾರೇಜಿನ ಲೆಕ್ಕ ಬರೆಯುವವನು ನಾನು. ಲೋಡರಿನ ಪೆಟ್ಟಿಗೆಯಲ್ಲಿ ಗ್ರೀಸ್ ಗನ್, ಪಾನಾಗಳ ಜೊತೆ ಗೇಣಿಗಿಂತ ಚಿಕ್ಕದಾದ ಉಕ್ಕಿನ ತುಂಡೊಂದು ಸಿಕ್ಕಿತು. ಒಂದು ತುದಿಯಲ್ಲಿ ಗೇರಿನಂಥ ಹಲ್ಲು, ನಡುವೆ ನುಣುಪಾದ ದುಂಡು ಮೈ, ಇನ್ನೊಂದು ತುದಿಯಲ್ಲಿ ಚೌಕ ತೂತು. ಗೇರ್‌ಬಾಕ್ಸಿನಿಂದ ಮುರಿದು ಬಿದ್ದದ್ದು ಎಂದ ಒಬ್ಬ ಹುಡುಗ. ಪಂಪಿನ ಭಾಗ ಎಂದ ಇನ್ನೊಬ್ಬ.

ನಮ್ಮ ಉಸ್ತಾದ್ ಅದನ್ನು ಡೀಸೆಲಿನಲ್ಲಿ ತೊಳೆದು ಬೆಳಕಿಗೆ ಹಿಡಿದರು. "ಮುರಿದ ಗುರುತು ಎಲ್ಲೂ ಇಲ್ಲ. ಇದು ಇಷ್ಟೇ ಇರೋದು" ಎಂದರು. ಚೌಕ ತೂತಿಗೆ ಅರ್ಧ ಇಂಚಿನ ರ‍್ಯಾಚೆಟ್ ಹಾಕಿ ನೋಡಿದರು, ಸರಿಯಾಗಿ ಕೂತಿತು. "ಅಂದರೆ ಕೈಯಿಂದ ತಿರುಗಿಸೋದು. ಮೈ ನುಣ್ಣಗಿದೆ, ಯಾವುದೋ ತೂತಿನೊಳಗೆ ಕೂತು ತಿರುಗಬೇಕು. ಹಲ್ಲಿದೆ, ಒಳಗೆ ಇನ್ನೊಂದು ಹಲ್ಲಿನ ಚಕ್ರ ಇರಬೇಕು. ಹೇಳು ಬೇಟಾ, ಎಂಜಿನ್ನಿನಲ್ಲಿ ಅಂಥ ದೊಡ್ಡ ಚಕ್ರ ಯಾವುದು?"

"ಫ್ಲೈವೀಲ್" ಎಂದ ಹುಡುಗ. ಸೆಲ್ಫ್ ಮೋಟಾರಿನ ಹಲ್ಲು ಕಚ್ಚುವುದೂ ಅದರ ಅಂಚನ್ನೇ.

ಅದು ಕಮಿನ್ಸ್ ಬಿ ಸರಣಿಯ 6 ಸಿಲಿಂಡರಿನ ಎಂಜಿನ್. ಫ್ಲೈವೀಲ್ ಕವಚದ ಪಕ್ಕದಲ್ಲಿ ಒಣಗಿದ ಮಣ್ಣು ಕೆರೆದಾಗ ಚಿಕ್ಕ ಮುಚ್ಚಳವೊಂದು ಕಂಡಿತು. ಅದನ್ನು ತೆಗೆದು ಆ ತುಂಡನ್ನು ಒಳಗೆ ತಳ್ಳಿ ರ‍್ಯಾಚೆಟ್ ಎಳೆದರೆ, ಅಷ್ಟು ದೊಡ್ಡ ಎಂಜಿನ್ ಒಬ್ಬನ ಕೈಬಲಕ್ಕೆ ನಿಧಾನವಾಗಿ ಹೊರಳಿತು. ಚಿಕ್ಕ ಚಕ್ರ ಹಲವು ಸುತ್ತು ಬಂದರೆ ದೊಡ್ಡದು ಒಂದು ಸುತ್ತು; ಆದ್ದರಿಂದಲೇ ಬಲ ಕಡಿಮೆ ಸಾಕು, ಬೇಕಾದಲ್ಲಿ ನಿಲ್ಲಿಸಲೂಬಹುದು. ಕಂಪೆನಿಯ ಪಟ್ಟಿಯಲ್ಲಿ ಇದರ ಸಂಖ್ಯೆ 3824591, ಹೆಸರು ಬ್ಯಾರಿಂಗ್ ಟೂಲ್. ಹಬೆ ಎಂಜಿನ್ನುಗಳ ಕಾಲದಲ್ಲಿ ಗಾಲಿಯ ತೂತಿಗೆ ಕಬ್ಬಿಣದ ಹಾರೆ ಸಿಕ್ಕಿಸಿ ಮೀಟುತ್ತಿದ್ದರು. ಆ ಹಾರೆಯ ಹೆಸರೇ ಇದಕ್ಕೆ ಉಳಿದಿದೆ.

ಎಂಜಿನ್ನನ್ನು ಹೀಗೆ ಹೊರಳಿಸುವುದೇಕೆ? ಟ್ಯಾಪೆಟ್ ಸೆಟ್ಟಿಂಗ್ ಮಾಡಲು. ಈ ಸರಣಿಯ 5.9 ಲೀಟರಿನ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವಿಗೆ 0.25 ಮಿ.ಮೀ., ಹೊಗೆ ಹೊರಹೋಗುವ ವಾಲ್ವಿಗೆ 0.50 ಮಿ.ಮೀ. ಸಂದು ಇರಬೇಕು. ಎಂಜಿನ್ ತಣ್ಣಗಿರುವಾಗ ಅದನ್ನು ಸರಿಯಾದ ಗುರುತಿಗೆ ತಂದು ನಿಲ್ಲಿಸಿ, ಫೀಲರ್ ಗೇಜ್ ತೂರಿಸಿ ಅಳೆಯಬೇಕು. ಈ ಹತ್ಯಾರವಿಲ್ಲದ ಕಡೆ ಒಬ್ಬ ಕ್ಯಾಬಿನ್ನಿನಲ್ಲಿ ಕೂತು ಕೀಲಿಯಿಂದ ಚೂರು ಚೂರೇ ಸೆಲ್ಫ್ ಹೊಡೆಯುತ್ತಾನೆ, ಇನ್ನೊಬ್ಬ ಎಂಜಿನ್ನಿನ ಮೇಲೆ ಬಗ್ಗಿರುತ್ತಾನೆ. ಮೇಲಿನವನ ಕೈ ಎಲ್ಲಿದೆಯೆಂದು ಕೆಳಗಿನವನಿಗೆ ಕಾಣುವುದಿಲ್ಲ.

ಉಸ್ತಾದರ ಬಲಗೈಯ ತೋರುಬೆರಳಿಗೆ ತುದಿಯಿಲ್ಲ. ಹುಡುಗನಾಗಿದ್ದಾಗ ಬೇರೊಂದು ಊರಿನ ಯಾರ್ಡಿನಲ್ಲಿ ಹೋದದ್ದು. "ಸಾಕು ಅಂತ ಕೂಗಿದ್ದೆ. ಅವನಿಗೆ 'ಹಾಕು' ಅಂತ ಕೇಳಿಸಿತು" ಎಂದು ಅಂದು ಮೊದಲ ಸಲ ಹೇಳಿದರು. ಆ ಯಾರ್ಡಿನ ಪೆಟ್ಟಿಗೆಯಲ್ಲೂ ಇಂಥದ್ದೊಂದು ಇದ್ದಿರಬಹುದೇ ಎಂದು ನಾನು ಕೇಳಲಿಲ್ಲ.

ಯಂತ್ರದೊಂದಿಗೆ ಕೈಪಿಡಿ ಬರುತ್ತದೆ, ಇಂಗ್ಲಿಷಿನಲ್ಲಿ. ಅದು ಮಾಲೀಕನ ಕಪಾಟಿನಲ್ಲಿ ಉಳಿಯುತ್ತದೆ. ಎಂಜಿನ್ನಿಗೆ ಕೈ ಹಾಕುವ ಹುಡುಗರು ಕನ್ನಡ, ದಖನಿ, ತೆಲುಗು ಆಡುವವರು. ಏಳನೆಯದಕ್ಕೋ ಎಂಟನೆಯದಕ್ಕೋ ಶಾಲೆ ಬಿಟ್ಟವರು. ಅವರಿಗೆ ಉಸ್ತಾದರ ನಾಲಿಗೆಯೇ ಕೈಪಿಡಿ. ಉಸ್ತಾದರಿಗೂ ಗೊತ್ತಿಲ್ಲದ್ದು ಯಾರಿಗೂ ಗೊತ್ತಾಗದೆ ಗುಜರಿಗೆ ಹೋಗುತ್ತದೆ. ನಮ್ಮ ಕೈಗಾರಿಕಾ ತರಬೇತಿಯ ಬಗ್ಗೆ ಮಾತಾಡುವವರು ಈ ಕಪಾಟನ್ನೂ ಒಮ್ಮೆ ತೆರೆಯಬೇಕು.

ಈಗ ಗ್ಯಾರೇಜಿನ ಗೋಡೆಯಲ್ಲಿ ಆ ಹತ್ಯಾರಕ್ಕೆ ಒಂದು ಮೊಳೆ ಇದೆ. ಕೆಳಗೆ ನಾನು ಕನ್ನಡದಲ್ಲಿ ಬರೆದ ಚೀಟಿ: ಮೊದಲು ಬ್ಯಾಟರಿಯ ತಂತಿ ಬಿಚ್ಚಿ, ಕೆಲಸ ಮುಗಿದೊಡನೆ ಇದನ್ನು ಹೊರಗೆ ತೆಗೆಯಿರಿ. ಒಳಗೇ ಮರೆತು ಸ್ಟಾರ್ಟ್ ಮಾಡಿದರೆ ಅದು ಸಿಡಿದು ಬರಬಹುದು. ಉಸ್ತಾದ್ ಇನ್ನೊಂದು ನಿಯಮ ಸೇರಿಸಿದರು. ಹತ್ಯಾರ ತೆಗೆದುಕೊಳ್ಳುವವನು ಲೋಡರಿನ ಕೀಲಿಯನ್ನು ಅದೇ ಮೊಳೆಗೆ ತೂಗುಹಾಕಬೇಕು. ಹತ್ಯಾರ ಮೊಳೆಗೆ ಮರಳುವವರೆಗೆ ಕೀಲಿ ಯಾರ ಕೈಗೂ ಇಲ್ಲ, ಮಾಮು ಕೇಳಿದರೂ ಇಲ್ಲ.