ಕೆಂಪು ಕಂಡರೆ ಕೈ ಚಾಚುವ ಮುನ್ನ



ಮಕ್ಕಳನ್ನು ಕರೆದುಕೊಂಡು ಸಂತೆಗೋ ಬಸ್ ನಿಲ್ದಾಣಕ್ಕೋ ಹೋದಾಗ ಅವರ ಕಣ್ಣು ಮೊದಲು ಯಾವ ತಿಂಡಿಯ ಮೇಲೆ ಬೀಳುತ್ತದೆ ಎಂಬುದನ್ನು ನೀವು ಗಮನಿಸಿದ್ದೀರಾ? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರೇ ಇರಲಿ, ಸಂಜೆಯ ಹೊತ್ತು ತಳ್ಳುಗಾಡಿಗಳ ಸಾಲು ಇದ್ದೇ ಇರುತ್ತದೆ. ಮಿರ್ಚಿ ಭಜಿ ಮತ್ತು ಗಿರ್ಮಿಟ್ ನಮ್ಮ ಕಡೆಯ ಹಳೆಯ ತಿಂಡಿಗಳು. ಅವುಗಳ ಪಕ್ಕದಲ್ಲೀಗ ಗೋಬಿ ಮಂಚೂರಿ, ಚಿಕನ್ ಕಬಾಬ್, ಪಾನಿಪೂರಿ, ಬಾಂಬೆ ಮಿಠಾಯಿ ಬಂದು ನಿಂತಿವೆ. ಮಕ್ಕಳು ಕೈ ತೋರಿಸುವುದು ಹೆಚ್ಚಾಗಿ ಯಾವುದು ಕೆಂಪಗಿದೆಯೋ, ಗುಲಾಬಿಯಾಗಿದೆಯೋ ಅದರ ಕಡೆಗೆ. ದೊಡ್ಡವರ ಕೈಯೂ ಅದೇ ಕಡೆ ಚಾಚುತ್ತದೆ ಎಂದರೆ ನೀವು ಅಲ್ಲಗಳೆಯಲಾರಿರಿ.

ಈ ಬಣ್ಣದ ವಿಷಯ ನಮ್ಮ ರಾಜ್ಯದಲ್ಲಿ ದೊಡ್ಡ ಸುದ್ದಿಯಾದದ್ದು 2024ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಪುದುಚೇರಿ ಮತ್ತು ತಮಿಳುನಾಡು ಸರಕಾರಗಳು ಬಾಂಬೆ ಮಿಠಾಯಿಯನ್ನು ನಿಷೇಧಿಸಿದವು. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಬೆಂಗಳೂರಿನಲ್ಲಿ ಕರ್ನಾಟಕದ ಪರೀಕ್ಷಾ ವರದಿಯನ್ನು ಮುಂದಿಟ್ಟರು. ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಬಾಂಬೆ ಮಿಠಾಯಿಯ 25ರಲ್ಲಿ 15 ಹಾಗೆಯೇ ಇದ್ದವು. ಜೂನ್ ತಿಂಗಳಲ್ಲಿ ಕಬಾಬ್‌ನ ಸರದಿ ಬಂತು. ಪರೀಕ್ಷಿಸಿದ 39 ಮಾದರಿಗಳಲ್ಲಿ 8ರಲ್ಲಿ ಕೃತಕ ಬಣ್ಣ ಸಿಕ್ಕಿತು. ಮೂರು ತಿಂಡಿಗಳಿಗೂ ಕೃತಕ ಬಣ್ಣ ಬೆರೆಸುವುದನ್ನು ಸರಕಾರ ನಿಷೇಧಿಸಿತು. ತಪ್ಪಿದವರಿಗೆ ಏಳು ವರ್ಷಗಳ ಸೆರೆವಾಸ ಮತ್ತು ಹತ್ತು ಲಕ್ಷ ರೂಪಾಯಿ ದಂಡದವರೆಗಿನ ಎಚ್ಚರಿಕೆಯನ್ನೂ ಕೊಟ್ಟಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕರ್ನಾಟಕದಲ್ಲಿ ಗೋಬಿಯನ್ನಾಗಲಿ ಕಬಾಬನ್ನಾಗಲಿ ಯಾರೂ ನಿಷೇಧಿಸಿಲ್ಲ. ನಿಷೇಧವಾಗಿರುವುದು ಅದಕ್ಕೆ ಬೆರೆಸುವ ಬಣ್ಣ. ಬಾಂಬೆ ಮಿಠಾಯಿಯನ್ನೂ ಬಣ್ಣವಿಲ್ಲದೆ ಬೆಳ್ಳಗೆ ಮಾಡಿ ಮಾರಬಹುದು. ಈ ವ್ಯತ್ಯಾಸ ತಿಳಿಯದೆ, "ಸರಕಾರ ಬಡವನ ಗಾಡಿ ಮುಚ್ಚಿಸಿತು" ಎಂದು ದೂರುವವರನ್ನೂ, "ಆ ಗಾಡಿಯ ಕಡೆ ತಲೆ ಹಾಕಬೇಡ" ಎಂದು ಮಕ್ಕಳನ್ನು ಗದರಿಸುವವರನ್ನೂ ನಾನು ಕಂಡಿದ್ದೇನೆ.

ಆ ಬಣ್ಣಗಳು ಯಾವುವು? ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ್ದು ರೋಡಮೈನ್-ಬಿ. ಇದು ಬಟ್ಟೆ ಮತ್ತು ಕಾಗದಕ್ಕೆ ಹಾಕುವ ಬಣ್ಣ. ಆಹಾರಕ್ಕೆ ಇದನ್ನು ಒಂದು ಚಿಟಿಕೆಯೂ ಬೆರೆಸುವಂತಿಲ್ಲ. ಉಳಿದ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್‌ಗಳಿಗೆ ಕೆಲವು ಸಿಹಿತಿಂಡಿ, ಐಸ್‌ಕ್ರೀಮ್‌ಗಳಲ್ಲಿ ಕಟ್ಟುನಿಟ್ಟಿನ ಮಿತಿಯೊಳಗೆ ಅನುಮತಿ ಇದೆಯೇ ಹೊರತು ಎಣ್ಣೆಯಲ್ಲಿ ಕರಿದ ಕಬಾಬ್‌ಗೆ ಇಲ್ಲ. ಇಂತಹ ಬಣ್ಣಗಳನ್ನು ನಿರಂತರವಾಗಿ ಸೇವಿಸಿದರೆ ಕ್ಯಾನ್ಸರ್‌ನಂತಹ ಕಾಯಿಲೆಗಳು ಬರಬಹುದೆಂದು ಆರೋಗ್ಯ ಇಲಾಖೆ ಎಚ್ಚರಿಸಿತು.

ನಾನು ಬೆಳೆದದ್ದು ನೇಕಾರರ ಊರಾದ ಬನಹಟ್ಟಿಯಲ್ಲಿ. ಬಣ್ಣ ಅದ್ದಿದ ನೂಲಿನ ಲಡಿಗಳನ್ನು ಒಣಹಾಕುವುದು ನಮಗೆ ದಿನನಿತ್ಯದ ನೋಟವಾಗಿತ್ತು. ಆ ಬಣ್ಣ ಕೈಗೆ ಹತ್ತಿದರೆ ಎರಡು ದಿನ ಸೋಪಿಗೂ ಜಗ್ಗುತ್ತಿರಲಿಲ್ಲ. ಬಣ್ಣದ ಕೈಯಲ್ಲಿ ರೊಟ್ಟಿ ಬುಟ್ಟಿ ಮುಟ್ಟಲು ಹೋದರೆ ನಮ್ಮ ಅಜ್ಜಿ, "ಮದ್ಲ ಕೈ ತಿಕ್ಕಿ ತೊಳ್ಕೊಂಡ್ ಬಾ, ಅದು ಸೀರಿಗೆ ಹಾಕೋ ಬಣ್ಣ, ಹೊಟ್ಟಿಗಲ್ಲ" ಎಂದು ಗದರಿಸುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ರಾಸಾಯನಿಕದ ಹೆಸರು ಗೊತ್ತಿರಲಿಲ್ಲ. ಆದರೆ ಬಟ್ಟೆಗೆ ಯಾವುದು, ಹೊಟ್ಟೆಗೆ ಯಾವುದು ಎಂಬ ವಿವೇಕ ಇತ್ತು.

ಬಣ್ಣದ ಮೋಹ ಗೋಬಿಯೊಂದಿಗೆ ಹುಟ್ಟಿದ್ದೂ ಅಲ್ಲ. ನಮ್ಮ ಮಹಾಲಿಂಗಪುರದ ಬೆಲ್ಲ ಎಲ್ಲಿಲ್ಲದ ಹೆಸರು ಪಡೆದದ್ದು. ಕಬ್ಬಿನ ಹಾಲನ್ನು ಕಾಯಿಸಿ ಮಾಡುವ ಅಪ್ಪಟ ಬೆಲ್ಲದ ಬಣ್ಣ ಸಾಮಾನ್ಯವಾಗಿ ಕಂದು. ಆದರೆ ಕೊಳ್ಳುವವರಿಗೆ ಹಳದಿ ಬೆಲ್ಲವೇ ಬೇಕು. ಹಾಗಾಗಿ ಬೆಲ್ಲವನ್ನು ತಿಳಿಯಾಗಿಸಲು 'ಹೈಡ್ರೋಸ್' ಎಂಬ ರಾಸಾಯನಿಕವನ್ನು ಬಳಸುವ ಅಭ್ಯಾಸ ಗಾಣಗಳಲ್ಲಿ ಬೇರೂರಿತು. ಈಗ ರಾಸಾಯನಿಕವಿಲ್ಲದ ಬೆಲ್ಲ ಮಾಡುವವರೂ ಇದ್ದಾರೆ. ಆದರೆ ಅದರ ಕಂದು ಬಣ್ಣ ನೋಡಿ, "ಇದು ಹಳೇದೇನ್ರೀ?" ಎಂದು ಕೇಳಿ ಪಕ್ಕಕ್ಕಿಡುವವರೂ ಇದ್ದಾರಲ್ಲವೇ? ರೈತನು ಬೆಲ್ಲಕ್ಕೆ ಬಣ್ಣ ಕಳೆಯುವುದೂ, ಗಾಡಿಯವನು ಕಬಾಬ್‌ಗೆ ಬಣ್ಣ ಕೂಡಿಸುವುದೂ ಕೊಳ್ಳುವವರ ಕಣ್ಣನ್ನು ಮೆಚ್ಚಿಸಲಿಕ್ಕಾಗಿಯೇ.

ಜಮಖಂಡಿಯಲ್ಲಿ ನನಗೆ ಪರಿಚಯದ ಒಬ್ಬ ಸಹೋದರಿ ಇದ್ದಾರೆ. ಪತಿ ತೀರಿಕೊಂಡ ಬಳಿಕ ಮಗನೊಂದಿಗೆ ಕಬಾಬ್ ಗಾಡಿ ನಡೆಸಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಾರೆ. ಆದೇಶ ಬಂದ ದಿನದಿಂದಲೇ ಅವರು ಬಣ್ಣದ ಡಬ್ಬಿಯನ್ನು ಬಿಸಾಕಿದರು. ಆಮೇಲೆ ಏನಾಯಿತು ಗೊತ್ತೇ? "ಗಿರಾಕಿ ಬಂದು ನೋಡ್ತಾರ, ಕೆಂಪಿಲ್ಲಂತ ಮುಂದಿನ ಗಾಡಿಗೆ ಹೋಗ್ತಾರ. ಬಣ್ಣ ಹಾಕಬ್ಯಾಡ ಅಂತ ಸರಕಾರ ಹೇಳ್ತದ, ಬಣ್ಣ ಇಲ್ಲಂದ್ರ ಬ್ಯಾಡ ಅಂತ ಗಿರಾಕಿ ಹೇಳ್ತಾರ. ನಾ ಯಾರ ಮಾತ ಕೇಳಲಿ ಅಕ್ಕಾ?" ಎಂದು ಅವರು ನನ್ನನ್ನು ಕೇಳಿದರು. ಎರಡು ವಾರ ಅರ್ಧಕ್ಕರ್ಧ ಮಾಂಸ ಉಳಿಯಿತಂತೆ. ಶಾಲೆಯ ಫೀಸು ಕಟ್ಟುವ ತಿಂಗಳದು. ಕೊನೆಗೆ ಅವರು ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ರುಬ್ಬಿ ಹಚ್ಚತೊಡಗಿದರು. ಬ್ಯಾಡಗಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಡಬ್ಬಿಯ ಬಣ್ಣದಷ್ಟು ಉರಿಗೆಂಪು ಬರುವುದಿಲ್ಲ, ಖರ್ಚು ಮಾತ್ರ ಎಷ್ಟೋ ಪಾಲು ಹೆಚ್ಚು. ಆದರೂ ಅವರು ಹಿಂದೆ ಸರಿಯಲಿಲ್ಲ. ಹಳೆಯ ಗಿರಾಕಿಗಳಲ್ಲಿ ಒಂದಷ್ಟು ಮಂದಿ ಮರಳಿ ಬಂದರು, ಎಲ್ಲರೂ ಬರಲಿಲ್ಲ. ಪ್ರಾಮಾಣಿಕವಾಗಿ ನಡೆದುಕೊಂಡವರಿಗೇ ನಷ್ಟವಾದರೆ ನಾಳೆ ಯಾರು ತಾನೇ ಡಬ್ಬಿ ಬಿಸಾಕಲು ಮುಂದಾಗುತ್ತಾರೆ?

ಮಾಂಸದ ಅಂಗಡಿಗೆ ಹೋದಾಗ ನಾವು "ಹಲಾಲ್ ತಾನೇ?" ಎಂದು ತಪ್ಪದೆ ಕೇಳುತ್ತೇವೆ. ಕೇಳಲೇಬೇಕು. ಆದರೆ ಆಹಾರದ ವಿಷಯದಲ್ಲಿ 'ಹಲಾಲ್' ಎಂಬ ಪದದ ಜೊತೆಗೇ 'ತಯ್ಯಿಬ್' ಎಂಬ ಪದವನ್ನೂ ನಾವು ಕೇಳುತ್ತಾ ಬಂದಿದ್ದೇವೆ. ತಯ್ಯಿಬ್ ಎಂದರೆ ಶುದ್ಧವಾದುದು, ಹಿತವಾದುದು. ಕೋಳಿಯನ್ನು ಹಲಾಲ್ ಮಾಡಿ, ಅದಕ್ಕೆ ಹಾನಿಕರ ಬಣ್ಣ ಬಳಿದು, ಕಪ್ಪಾದ ಹಳೆಯ ಎಣ್ಣೆಯಲ್ಲಿ ಕರಿದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು, ಎರಡನೆಯದಕ್ಕೆ ಸಿಗಲಿಲ್ಲ. ರಮಝಾನ್ ಸಂಜೆಗಳಲ್ಲಿ ಇಫ್ತಾರ್‌ಗೆಂದು ಹೊರಗಿನಿಂದ ಕಬಾಬ್, ಸಮೋಸ, ಬಣ್ಣದ ಶರ್ಬತ್ ತರಿಸುವಾಗ ಆ ಎರಡನೆಯ ಪ್ರಶ್ನೆಯನ್ನೂ ಕೇಳುವುದು ಬೇಡವೇ?

ಬಣ್ಣ ಕಣ್ಣಿಗಾದರೂ ಕಾಣುತ್ತದೆ. ನೀರು, ಎಣ್ಣೆ, ಕಾಗದಗಳ ದೋಷ ಕಾಣುವುದಿಲ್ಲ. ಪಾನಿಪೂರಿಯ ನೀರು ಎಲ್ಲಿಯದು, ತಟ್ಟೆ ತೊಳೆಯುವ ಬಕೆಟ್‌ನ ನೀರು ಎಷ್ಟು ಹೊತ್ತಿನದು ಎಂದು ನೋಡಿ. ಟೈಫಾಯಿಡ್, ಕಾಮಾಲೆ ಬರುವ ದಾರಿ ಅದೇ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಏಳುತ್ತದೆ. ಭಜಿ ಕಟ್ಟಿಕೊಡುವ ಪತ್ರಿಕೆಯ ಶಾಯಿ ಬಿಸಿ ಎಣ್ಣೆಗೆ ಕರಗಿ ತಿಂಡಿಗೆ ಅಂಟುತ್ತದೆ. 2018ರ ಪ್ಯಾಕಿಂಗ್ ನಿಯಮಗಳ ಪ್ರಕಾರ ಆಹಾರವನ್ನು ಸುದ್ದಿ ಪತ್ರಿಕೆಯಲ್ಲಿ ಕಟ್ಟುವಂತಿಲ್ಲ.

"ಹಾಗಾದರೆ ಗಾಡಿಯ ತಿಂಡಿಯನ್ನೇ ಬಿಟ್ಟುಬಿಡೋಣ" ಎಂದು ನೀವು ಹೇಳಬಹುದು. ಸಹೋದರಿಯರೇ, ಆ ಗಾಡಿಯ ಹಿಂದೆಯೂ ಒಂದು ಮನೆ ಇದೆ, ಅಲ್ಲಿಯೂ ಒಬ್ಬ ತಾಯಿ ಇದ್ದಾಳೆ. ಮಗ್ಗ ನಿಂತಾಗ, ಹೊಲದ ಕೂಲಿ ತಪ್ಪಿದಾಗ ಬಡವರ ಕೈಗೆ ಸಿಗುವ ದುಡಿಮೆ ಇದು. ದೇಶದ ಕಾನೂನೂ ಇದನ್ನು ಗೌರವಿಸುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ. ಪ್ರತಿ ಊರಿನ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರೇ ಆಗಿರಬೇಕು ಎಂದು ಅದು ಹೇಳುತ್ತದೆ. ನಿಮ್ಮ ಬೀದಿಯಲ್ಲಿ ಗಾಡಿ ಇಡುವ ಸಹೋದರಿಗೆ ಇದು ತಿಳಿದಿದೆಯೇ? ಓದುಬರಹ ಬಲ್ಲ ನೀವೇ ಅವರಿಗೆ ತಿಳಿಸಬಹುದಲ್ಲವೇ?

ಬಹಿಷ್ಕಾರಕ್ಕಿಂತ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ಗಾಡಿಯ ಮುಂದೆ ನಿಂತಾಗ ಪ್ರೀತಿಯಿಂದಲೇ, "ಬಣ್ಣ ಹಾಕದ್ದು ಇದ್ದರೆ ಕೊಡಿ" ಎನ್ನಿ. ಕಬಾಬ್ ಕಂದಾಗಿದ್ದರೆ ಮುಖ ಸಿಂಡರಿಸಬೇಡಿ. ಬಣ್ಣವಿಲ್ಲದೆ ಮಾರುವವರು ಎರಡು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ. ಅವರ ಹೆಸರನ್ನು ನಾಲ್ಕು ಮನೆಗಳಿಗೆ ಹೇಳಿ. ಡಬ್ಬಿ ಒಯ್ದು ತಿಂಡಿ ಹಾಕಿಸಿಕೊಂಡು ಬನ್ನಿ. ಹೇಳಿದರೂ ಕೇಳದೆ ಬಣ್ಣ ಬೆರೆಸುವವರಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಲು ಹಿಂಜರಿಯಬೇಡಿ. ಮನೆಯಲ್ಲಿಯೂ ಮಕ್ಕಳಿಗೆ ಕಂದು ಬೆಲ್ಲದ, ಬಣ್ಣವಿಲ್ಲದ ಕಬಾಬಿನ ರುಚಿ ಹಿಡಿಸಿ.

ಬೆಂಗಳೂರಿನಲ್ಲಿ ಹೊರಟ ಆದೇಶ ಬೀಳಗಿಯ ಬಾಣಲೆಯವರೆಗೆ ಪ್ರತಿದಿನ ಬಂದು ಕಾವಲು ಕಾಯಲಾರದು. ಅಧಿಕಾರಿ ವರ್ಷಕ್ಕೆ ಒಂದೆರಡು ಬಾರಿ ಬರಬಹುದು. ಗಿರಾಕಿಯಾದ ನೀವು ದಿನಾಲೂ ಬರುತ್ತೀರಿ. ನೀವು ಕೆಂಪು ಕೇಳುವುದನ್ನು ನಿಲ್ಲಿಸಿದ ದಿನ ಬಣ್ಣದ ಡಬ್ಬಿ ಕೊಳ್ಳುವ ಅಗತ್ಯ ಯಾವ ಗಾಡಿಯವರಿಗೂ ಇರುವುದಿಲ್ಲ.