ದಿಕ್ಕಿಲ್ಲದ ಸದ್ದು

ನಮ್ಮ ಗೋಣಿಕೊಪ್ಪ ಕಡೆಯ ಹುಡುಗರು ಸಬ್‌ವೂಫರ್ ಎಂದು ಪೂರ್ತಿ ಹೆಸರು ಹೇಳುವುದು ಕಡಿಮೆ. ‘ಬೂಫರ್ ಹಾಕ್ಸಿದ್ದೀನಿ’ ಅಂದರೆ ಸಾಕು, ಅರ್ಥವಾಗುತ್ತದೆ. ಮದುವೆ ಮುಗಿಸಿ ವಾಲಗ ಹಾಕಿಕೊಂಡು ಬರುವ ಕಾರು ತಿರುವಿನಾಚೆ ಇರುವಾಗಲೇ ಅದರ ಗುಮ್ಮು ನಮ್ಮ ಜಗಲಿಗೆ ಬಂದಿರುತ್ತದೆ. ಕೊಳಲಿನಂಥ ಸಣ್ಣ ದನಿಗಳನ್ನು ಕಾಫಿ ಗಿಡ, ಸಿಲ್ವರ್ ಮರಗಳೆಲ್ಲ ಅಷ್ಟಿಷ್ಟು ತಡೆದು ನಿಲ್ಲಿಸುತ್ತವೆ. ದಪ್ಪ ಸದ್ದನ್ನು ಅವು ತಡೆಯಲಾರವು. ಹಾಗಾಗಿ ಹಾಡು ಯಾವುದೆಂದು ತಿಳಿಯುವ ಮೊದಲೇ ಡೋಲಿನ ಪೆಟ್ಟು ಮನೆ ತಲುಪುತ್ತದೆ.

ನನ್ನ ತಮ್ಮನಿಗೆ ಇದರ ಹುಚ್ಚು ಹಿಡಿದದ್ದು ಮಡಿಕೇರಿ ದಸರೆಯ ಮಂಟಪಗಳ ಎದುರು ಎಂದು ನನ್ನ ಗುಮಾನಿ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಹೊರಟಾಗ ಸ್ಪೀಕರ್‌ಗಳ ಮುಂದೆ ನಿಂತವರಿಗೆ ಎದೆಗೂಡೇ ಒಂದು ವಾದ್ಯವಾದಂತೆ ಅನ್ನಿಸುತ್ತದೆ. ಅದನ್ನೇ ತನ್ನ ಜೀಪಿನಲ್ಲಿ ಬೇಕು ಅಂದ. ಹನ್ನೆರಡಿಂಚಿನವು ಎರಡು! ಜೀಪು ಹಳೆಯದು, ಮೇಲೆ ಟಾರ್ಪಾಲಿನ್ ಹುಡ್, ಪಕ್ಕಕ್ಕೆ ಬಾಗಿಲೂ ಇಲ್ಲ.

ಅಲ್ಲೇ ಮೊದಲ ಜಗಳ. ಸೆಕೆಂಡಿಗೆ ನಲವತ್ತು ಸಲ ಕಂಪಿಸುವ, ಅಂದರೆ 40 ಹರ್ಟ್ಸ್‌ನ ಸದ್ದಿನ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ. ಯಾವ ಕಾರಿನೊಳಗೂ ಅದು ಹಿಡಿಸುವುದಿಲ್ಲ. ಗಾಜು ಏರಿಸಿದ ಕಾರಿನಲ್ಲಿ ಬೂಫರ್ ಕೆಲಸ ಮಾಡುವುದು ಸೈಕಲ್ ಪಂಪಿನ ಹಾಗೆ: ಇಡೀ ಕ್ಯಾಬಿನ್ನಿನ ಗಾಳಿಯನ್ನೇ ಒತ್ತುತ್ತದೆ, ಬಿಡುತ್ತದೆ. ಸದ್ದು ಆಳಕ್ಕಿಳಿದಷ್ಟೂ ಈ ಒತ್ತಡದ ಲಾಭ ಹೆಚ್ಚುತ್ತದೆ. ಅದಕ್ಕೇ ಮನೆಯ ಹಾಲ್‌ನಲ್ಲಿ ಪೇಲವವಾಗಿ ಕೇಳುವ ಎಂಟಿಂಚಿನ ಬೂಫರ್ ಕಾರಿನಲ್ಲಿ ಗಟ್ಟಿಯಾಗಿ ಕೇಳುತ್ತದೆ. ಟಾರ್ಪಾಲಿನ್ ಜೀಪಿನಲ್ಲಿ ಆ ಒತ್ತಡ ನಿಲ್ಲಲು ಜಾಗವೇ ಇಲ್ಲ. ದುಡ್ಡು ಕೊಟ್ಟವನಿಗಿಂತ ರಸ್ತೆ ಪಕ್ಕದವರಿಗೇ ಚೆನ್ನಾಗಿ ಕೇಳುತ್ತದೆ ಅಂದೆ. ಮುಖ ಗಂಟಿಕ್ಕಿಕೊಂಡೇ ಮನೆಯ ಸಣ್ಣ ಕಾರಿಗೆ ಒಪ್ಪಿದ.

ಅಂಗಡಿಯಲ್ಲಿ ಡಬ್ಬದ ಮೇಲೆ ಕಾಣುವುದು ವ್ಯಾಟ್. 1200 ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಗಳಿಗೆಯ ಮಟ್ಟಿಗೆ ತಾಳುವ ಗರಿಷ್ಠ ಲೆಕ್ಕ. ಹಿಂದೆ ತಿರುಗಿಸಿ ಸಣ್ಣಕ್ಷರದಲ್ಲಿ ಹುಡುಕಬೇಕಾದದ್ದು ಆರ್‌ಎಂಎಸ್, ಅಂದರೆ ಗಂಟೆಗಟ್ಟಲೆ ತಾಳುವ ಶಕ್ತಿ. ಅದು ಮೇಲಿನದರ ಕಾಲು ಭಾಗವೂ ಇರದಿರಬಹುದು. ಆಂಪ್ಲಿಫೈಯರ್ ಕೊಡುವುದೂ ಬೂಫರ್ ತಾಳುವುದೂ ಆರ್‌ಎಂಎಸ್‌ನಲ್ಲಿ ಹೊಂದಬೇಕು. ಓಮ್ ಲೆಕ್ಕವೂ ತಾಳೆಯಾಗಬೇಕು. ಇನ್ನು ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಹತ್ತಿರ ಹತ್ತಿರ ಹತ್ತರಷ್ಟು ವ್ಯಾಟ್ ಬೇಕು. ಇದನ್ನು ಯಾವ ಡಬ್ಬವೂ ಹೇಳುವುದಿಲ್ಲ.

ನಮ್ಮಲ್ಲಿ ಡಿಕ್ಕಿ ಖಾಲಿ ಇರುವ ವಸ್ತುವಲ್ಲ. ಮೆಣಸಿನ ಚೀಲ, ಗೊಬ್ಬರ, ಸಂತೆ ಸಾಮಾನು, ಮಳೆಗಾಲದಲ್ಲಿ ಒದ್ದೆ ಕೊಡೆ, ಗಂಬೂಟು. ಸ್ಟೆಪ್ನಿ ತೆಗೆಯಬೇಕಾದಾಗ ಪೆಟ್ಟಿಗೆ ಇಳಿಸಿ ಮಳೆಯಲ್ಲಿ ಇಡುವುದೆಲ್ಲಿ? ರಂಧ್ರ ಬಿಟ್ಟ ಪೆಟ್ಟಿಗೆ, ಬೇಸ್ ಟ್ಯೂಬು ಇವೆಲ್ಲ ಕಡಿಮೆ ಶಕ್ತಿಯಲ್ಲಿ ಹೆಚ್ಚು ಗುಮ್ಮೆನ್ನುತ್ತವೆ ನಿಜ. ಆದರೆ ರಂಧ್ರದ ಪೆಟ್ಟಿಗೆಗೆ ಜಾಗ ಹೆಚ್ಚು ಬೇಕು, ಪೆಟ್ಟು ನಿಂತ ಮೇಲೂ ಗುಂಯ್‌ಗುಡುವ ಚಾಳಿಯೂ ಅದಕ್ಕಿದೆ. ಪೂರ್ತಿ ಮುಚ್ಚಿದ ಪೆಟ್ಟಿಗೆ ಚಿಕ್ಕದು, ಅದರ ಪೆಟ್ಟು ಪೆಟ್ಟಿನಷ್ಟೇ ಇರುತ್ತದೆ. ಹತ್ತಿಂಚಿನದು ಒಂದು, ಮುಚ್ಚಿದ ಪೆಟ್ಟಿಗೆ ಎಂದು ತೀರ್ಮಾನಿಸಿದೆವು. ಅಂಗಡಿಯಲ್ಲಿ ಎಂಡಿಎಫ್ ಹಲಗೆ ತೋರಿಸಿದರು. ಬಟ್ಟೆಯೇ ಒಣಗದ ಆಷಾಢದಲ್ಲಿ ಅದು ನೀರು ಕುಡಿದು ಊದಿಕೊಳ್ಳುತ್ತದೆ. ಒಳ್ಳೆಯ ಪ್ಲೈವುಡ್ಡಿನಲ್ಲೇ ಮಾಡಿಸಿದೆವು.

ವೈರಿಂಗ್ ಬಗ್ಗೆ ಎರಡೇ ಮಾತು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ವೈರು ಎಲ್ಲಾದರೂ ತಗಡಿಗೆ ಉಜ್ಜಿದ ದಿನ ಕಾರಿಗೇ ಬೆಂಕಿ. ಅರ್ತ್ ಕೊಡುವಲ್ಲಿ ಬಣ್ಣ ಕೆರೆದು ಬರೀ ಲೋಹಕ್ಕೆ ಬಿಗಿಯಬೇಕು.

ಕೂರಿಸಿದ ಮೇಲಿನ ಕೆಲಸವೇ ನಿಜವಾದ ಕೆಲಸ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ನಮ್ಮ ಕಿವಿ ಗುರುತಿಸಲಾರದು. ಅಲೆ ಅಷ್ಟು ಉದ್ದವಿರುವಾಗ ಎರಡು ಕಿವಿಗಳ ನಡುವಿನ ಅಂತರ ಏನೂ ಅಲ್ಲ. ಆದ್ದರಿಂದಲೇ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟೂ ಡೋಲು ಮುಂದಿನ ಗಾಜಿನ ಕಡೆಯಿಂದ ಬಂದಂತೆ ಮಾಡಬಹುದು. ಕ್ರಾಸ್ಓವರನ್ನು 80ಕ್ಕೆ ಇಟ್ಟು ಅದಕ್ಕಿಂತ ಮೇಲಿನದನ್ನೆಲ್ಲ ಬಾಗಿಲಿನ ಸ್ಪೀಕರ್‌ಗಳಿಗೆ ಬಿಟ್ಟೆವು. ಒಂದು ವಾಲಗದ ಹಾಡು ಹಾಕಿ, ಫೇಸ್ ಸ್ವಿಚ್ಚನ್ನು ಸೊನ್ನೆಯಿಂದ 180ಕ್ಕೂ ಹಿಂದಕ್ಕೂ ತಿರುಗಿಸಿ, ಎಲ್ಲಿ ಡೋಲು ತುಂಬಿ ಕೇಳಿತೋ ಅಲ್ಲಿ ಬಿಟ್ಟೆವು. ಗೇನ್ ಎಂಬ ತಿರುಪು ವಾಲ್ಯೂಮ್ ಅಲ್ಲ ಎಂದು ತಮ್ಮನಿಗೆ ಎಷ್ಟು ಸಲ ಹೇಳಿದೆನೋ. ಕೊನೆಗೂ ಒಂದು ಹಂತದಲ್ಲಿ ಬೂಫರ್ ಎಂಬುದೇ ಮಾಯವಾಗಿ ಡ್ಯಾಶ್‌ಬೋರ್ಡಿನ ಮೇಲೆ ಮೇಳ ಕೂತಂತಾಯಿತು. ನನಗೆ ಅಷ್ಟೇ ಬೇಕಿತ್ತು. ಇದೆ ಎಂದು ಗೊತ್ತಾಗುವ ಬೂಫರ್ ಸರಿಯಾಗಿ ಕೂತಿಲ್ಲ ಎಂದೇ ನನ್ನ ಲೆಕ್ಕ. ತಮ್ಮನ ಲೆಕ್ಕ ಬೇರೆ. ಮರುದಿನವೇ ಗೇನ್ ಏರಿಸಿದ್ದ.

ಆ ಸಂಜೆ ಅವನು ಕಣದಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು, ಸ್ನೇಹಿತನಿಗೆ ಕೇಳಿಸುತ್ತಿದ್ದ. ಒಳಗಿಂದ ಚಿಕ್ಕಮ್ಮ ಜಗಲಿಗೆ ಬಂದರು. ಮಕ್ಕಂದೂರು ಕಡೆಯವರು, 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ. ಅವರು ಕಾರಿನ ಕಡೆ ನೋಡಲೇ ಇಲ್ಲ. ಮನೆಯ ಹಿಂದಿನ ಬರೆಯ ಕಡೆ ನೋಡುತ್ತಾ ನಿಂತರು.

“ಕಾರು ಚಿಕ್ಕಮ್ಮ, ಕಾರಿಂದು” ಅಂದೆ.

“ಎಲ್ಲಿಂದ ಅಂತ ಗೊತ್ತಾಗ್ಲಿಲ್ಲ ಮಗ” ಅಂದರು.

ಕಾರಿನೊಳಗೆ ನಮಗೆ ಅನುಕೂಲವಾದ ಗುಣವೇ ಹೊರಗೆ ಅವರಿಗೆ ಹೀಗಾಯಿತು. ದಿಕ್ಕಿಲ್ಲದ ಸದ್ದು ಗಾಜು, ಗೋಡೆ, ಹೆಂಚು ದಾಟಿ ಬಂದು ನೆಲದಿಂದಲೇ ಎದ್ದಂತೆ ಕೇಳುತ್ತದೆ. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ಸಣ್ಣ ಕಂಪನಗಳಾದಾಗಲೂ ಅಲ್ಲಿಯವರು ಹೇಳಿದ್ದು ಇಂಥದೇ ಗುಡುಗುಡು ಸದ್ದಿನ ಮಾತು. ಇದನ್ನು ಅಳೆಯುವ ಕಾನೂನೂ ಸ್ವಲ್ಪ ಕಿವುಡು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆದರೆ ಅದನ್ನು ಅಳೆಯುವುದು ಮನುಷ್ಯನ ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ ‘ಎ’ ಅಳತೆಯಲ್ಲಿ. ಆ ಅಳತೆ 50 ಹರ್ಟ್ಸ್‌ನ ಸದ್ದನ್ನು 30 ಡೆಸಿಬೆಲ್ ಇಳಿಸಿ ಲೆಕ್ಕ ಹಾಕುತ್ತದೆ. ಮೀಟರಿನಲ್ಲಿ ಸುಮ್ಮನಿರುವ ಸದ್ದು ಚಿಕ್ಕಮ್ಮನ ಎದೆಯಲ್ಲಿ ಸುಮ್ಮನಿರುವುದಿಲ್ಲ.

ತಮ್ಮ ಅಂದು ಏನೂ ಮಾತಾಡಲಿಲ್ಲ. ಮಾರನೆಯ ದಿನ ಸ್ಟೇರಿಂಗ್ ಪಕ್ಕಕ್ಕೆ ಬೇಸ್ ಇಳಿಸುವ ತಿರುಪೊಂದನ್ನು ಹಾಕಿಸಿಕೊಂಡು ಬಂದ. ಈಗ ಗೇಟಿನ ಹತ್ತಿರವೇ ಅದು ಸೊನ್ನೆಗೆ ಬರುತ್ತದೆ.

ತಿತಿಮತಿ ರಸ್ತೆಯಲ್ಲೂ ಅದು ಉಪಯೋಗಕ್ಕೆ ಬಂತು. ಹುಣಸೂರಿನಿಂದ ರಾತ್ರಿ ಬರುವಾಗ ಆನೆಚೌಕೂರಿನ ಕಾಡು ದಾಟಬೇಕಲ್ಲ. ದಪ್ಪ ಸದ್ದಿಗೆ ತನಗಿಂತ ಸಣ್ಣ ಸದ್ದುಗಳನ್ನು ಮುಚ್ಚಿಹಾಕುವ ಸ್ವಭಾವವಿದೆ: ಬಿದಿರು ಮುರಿಯುವುದು, ಬೈನೆ ಮರ ಸೀಳುವುದು ಕೇಳಿಸುವುದಿಲ್ಲ. ಆನೆಗಳದ್ದೇ ಇನ್ನೊಂದು ಕತೆ. 1984ರಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ಕೂತಿದ್ದಾಗ ಗಾಳಿಯಲ್ಲೇನೋ ಮಿಡಿದಂತಾಯಿತಂತೆ. ಹಿಂದೆ ಚರ್ಚಿನ ಗಾಯನವೃಂದದಲ್ಲಿ ಹಾಡುವಾಗ ಆರ್ಗನ್ನಿನ ದೊಡ್ಡ ಕೊಳವೆಯ ಪಕ್ಕ ಹೀಗೇ ಆಗಿತ್ತೆಂದು ಆಕೆಗೆ ನೆನಪಾಯಿತು. ಧ್ವನಿಮುದ್ರಿಸಿ ನೋಡಿದರೆ ಆನೆಗಳು 14ರಿಂದ 24 ಹರ್ಟ್ಸ್‌ನಲ್ಲಿ ಮಾತಾಡುತ್ತಿದ್ದವು. ನಮ್ಮ ಕಿವಿಯ ಅಂಚಿನಲ್ಲಿ, ಹೆಚ್ಚಾಗಿ ಅದರಾಚೆ.

“ನಮ್ಮ ಹತ್ತಿಂಚು ಅಷ್ಟು ಕೆಳಗೆ ಇಳಿಯುತ್ತಾ ಅಕ್ಕ?” ಅಂದ.

ಇಳಿಯುವುದಿಲ್ಲ ಅಂದೆ. ಸ್ವಲ್ಪ ಬೇಜಾರಾಯಿತೇನೋ.

ಇನ್ನು ಉಳಿದದ್ದು ಹಿಂದಿನ ನಂಬರ್ ಪ್ಲೇಟಿನ ಗಲಗಲ. ಅದರ ಹಿಂದೆ ಸೈಕಲ್ ಟ್ಯೂಬಿನ ತುಂಡು ಕೊಟ್ಟು ಬಿಗಿದೆವು, ನಿಂತಿತು. ಜೀಪಿಗೆ ಆರೂವರೆ ಇಂಚಿನ ಎರಡು ಒಳ್ಳೆಯ ಸ್ಪೀಕರ್ ಸಾಕು ಅಂದಿದ್ದೇನೆ. ಅವನಿನ್ನೂ ಒಪ್ಪಿಲ್ಲ.